ಇಪ್ಪತ್ತು ಇಂಚಿನ ಮೊಳ

೯ ಫೆಬ್ರವರಿ

ಸೊಸೆಗೆ ಆಶೀರ್ವಾದ.

ಮೊನ್ನೆ ನೀನು ಫೋನ್ ಮಾಡಿದಾಗ ಪಕ್ಕದ ಮನೆಯವಳು ಓಡಿಬಂದು ಅದನ್ನು ನನ್ನ ಕಿವಿಗೆ ಒತ್ತಿ ಹಿಡಿದಳು. ನೀನು ಏನು ಹೇಳಿದೆಯೋ ಆ ದೇವರಿಗೇ ಗೊತ್ತು. ಬಹಳ ಹೊತ್ತು ಮಾತಾಡಿದೆ ಅನ್ನುವುದಷ್ಟೇ ತಿಳಿಯಿತು. ನಾನು ಎಲ್ಲದಕ್ಕೂ "ಹೂಂ, ಹೂಂ" ಅಂದೆ. ಅಪ್ಪಿತಪ್ಪಿ ಯಾವುದಕ್ಕಾದರೂ ಒಪ್ಪಿಗೆ ಕೊಟ್ಟಿದ್ದರೆ ಅದು ಲೆಕ್ಕಕ್ಕಿಲ್ಲ. ಹೇಳುವುದಿದ್ದರೆ ಕಾಗದದಲ್ಲಿ ಬರಿ. ನನ್ನ ಕಿವಿ ಹೋಗಿದೆ, ಕಣ್ಣು ಇನ್ನೂ ಗಟ್ಟಿಯಾಗಿದೆ.

ಈಗ ವಿಷಯಕ್ಕೆ ಬರುತ್ತೇನೆ. ಕೋಳಿಗಳು ಮೂವತ್ತಾದವು. ನನ್ನ ಮಗ ಕಟ್ಟಿದ ಗೂಡು ಹತ್ತಕ್ಕೆ ಸಾಲುವಂಥದ್ದು. ಈಗ ಒಂದರ ಮೇಲೊಂದು ಕೂತು ಬೆಳಗಾಗುವಷ್ಟರಲ್ಲಿ ಒಂದಕ್ಕೊಂದು ಪುಕ್ಕ ಕಿತ್ತುಕೊಂಡಿರುತ್ತವೆ. ಹೋದ ವಾರ ಮುಂಗುಸಿ ಬಂದು ಎರಡನ್ನು ಎಳೆದುಕೊಂಡು ಹೋಯಿತು. ಹುಂಜ ಇದೆಯಲ್ಲ, ನಮ್ಮ ಮೇಷ್ಟ್ರು, ಅವರು ಮಾಡಿನ ಮೇಲೆ ನಿಂತು ಪಾಠ ಹೇಳುತ್ತಿದ್ದರು ಅಷ್ಟೆ.

ನೀನು ಬಾಗಿಲು ಕಿಟಕಿ ಮಾಡುವ ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತೀಯಲ್ಲ, ಅತ್ತೆಗೂ ಒಂದು ಬರೆದುಕೊಡು. ದೊಡ್ಡ ಕೋಳಿಮನೆ ಆಗಬೇಕು, ಹಿತ್ತಲ ಗೋಡೆಗೆ ಒರಗಿ. ಗೋಡೆಯ ಉದ್ದ ಇಪ್ಪತ್ತು ಮೊಳ, ನಾನೇ ಬಗ್ಗಿ ಅಳೆದೆ. ಟೇಪು ನನ್ನ ಮಗನ ಸಾಮಾನಿನ ಪೆಟ್ಟಿಗೆಯಲ್ಲಿದೆ. ಆ ಪೆಟ್ಟಿಗೆ ನಾನು ತೆಗೆದಿಲ್ಲ, ತೆಗೆಯುವುದೂ ಇಲ್ಲ.

ಒಂದು ಮಾತು. ಬಾಗಿಲು ಎತ್ತರವಾಗಿರಲಿ.

ನಿನ್ನ ಅತ್ತೆ


೨೦ ಫೆಬ್ರವರಿ

ಅತ್ತೆಗೆ ನಮಸ್ಕಾರ.

ನಿಮ್ಮ ಕಾಗದ ಸಿಕ್ಕಿತು. ಊಟದ ಬಿಡುವಿನಲ್ಲಿ ಕೂತು ಒಂದು ಕರಡು ಎಳೆದಿದ್ದೇನೆ. ಮೂವತ್ತು ಕೋಳಿಗೆ ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಕೋಣೆ ಬೇಕು. ಮಿಕ್ಕ ಗೋಡೆಯುದ್ದಕ್ಕೂ ಜಾಲರಿ ಹಾಕಿದ ಅಂಗಳ ಬಿಡೋಣ. ಕೋಳಿಗಳು ಕೂರುವ ಕೋಲುಗಳು ಮೊಟ್ಟೆಗೂಡಿಗಿಂತ ಎತ್ತರದಲ್ಲಿರಬೇಕು. ಇಲ್ಲದಿದ್ದರೆ ಮೊಟ್ಟೆಗೂಡಿನಲ್ಲೇ ಮಲಗಿ ಗಲೀಜು ಮಾಡುತ್ತವೆ. ಕೋಲು ದುಂಡಗಿರುವುದಕ್ಕಿಂತ ಚಪ್ಪಟೆಯಾಗಿದ್ದರೆ ಒಳ್ಳೆಯದು, ಚಳಿಯಲ್ಲಿ ತಮ್ಮ ಕಾಲ್ಬೆರಳ ಮೇಲೆ ತಾವೇ ಕೂತುಕೊಳ್ಳುತ್ತವಂತೆ. ಇದನ್ನು ಹೇಳಿದ್ದು ನಮ್ಮಲ್ಲಿ ಗಾಜು ಕತ್ತರಿಸುವವರು. ಮಾಡಿನ ಕೆಳಗೆ ಗಾಳಿಕಿಂಡಿ ಬಿಡಲು ಹೇಳಿದವರೂ ಗಾಜಿನವರೇ. ಮುಂಗುಸಿಗೆ ಸಣ್ಣ ಕಣ್ಣಿನ ದಪ್ಪ ಜಾಲರಿಯೇ ಆಗಬೇಕು, ಅದನ್ನು ಒಂದಡಿ ಮಣ್ಣಿನೊಳಗೂ ಹೂಳಬೇಕು ಎಂದು ಗಾಜಿನವರು ಒತ್ತಿ ಹೇಳಿದರು.

ಮೊಳ ಎಂದರೆ ನನಗೆ ಲೆಕ್ಕ ಸಿಗುವುದಿಲ್ಲ, ಒಬ್ಬೊಬ್ಬರದು ಒಂದೊಂದು. ಹಳೆಯ ಪೇಪರಿನ ಮೇಲೆ ನಿಮ್ಮ ಕೈ ಇಟ್ಟು, ಮೊಣಕೈಯಿಂದ ನಡುಬೆರಳ ತುದಿವರೆಗೆ ಗೆರೆ ಎಳೆದು, ಕತ್ತರಿಸಿ ಕಳುಹಿಸಿ.

ಬಾಗಿಲು ಐದಡಿ ಇಟ್ಟಿದ್ದೇನೆ, ನಿಮಗೆ ಧಾರಾಳ. ಬೆನ್ನುನೋವು ಹೆಚ್ಚಾಗಿದೆಯಾ? ಬಗ್ಗಲು ಆಗದೆ ಹೀಗೆ ಕೇಳುತ್ತಿದ್ದೀರೇನೋ ಎಂದು ಚಿಂತೆಯಾಯಿತು. ಎಣ್ಣೆ ಹಚ್ಚಿಕೊಳ್ಳಿ.

ನಿಮ್ಮ ಸೊಸೆ


೨೦ ಫೆಬ್ರವರಿ, ಮೇಲಿನದನ್ನು ಅಂಚೆಗೆ ಹಾಕಿ ಬಂದ ಮೇಲೆ

ಅತ್ತೆ,

ಇದನ್ನು ನಿಮಗೆ ಕಳುಹಿಸುವುದಿಲ್ಲ. ಕೈ ಸುಮ್ಮನಿರಲಾರದೆ ಬರೆಯುತ್ತಿದ್ದೇನೆ.

ಫೋನಿನಲ್ಲಿ ನಾನು ಹೇಳಿದ್ದು ಇಷ್ಟು: ಗಾಜಿನವರು ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದರು, ನಾನು ಆಗಲಿ ಎಂದೆ, ನಿಮಗೆ ಒಪ್ಪಿಗೆಯಾ? ನೀವು "ಹೂಂ" ಅಂದಿರಿ. ನಾನು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಇಷ್ಟು ಸುಲಭಕ್ಕೆ ಒಪ್ಪಿಬಿಟ್ಟರಲ್ಲ ಎಂದು ಎದೆ ಹಗುರಾಯಿತು. ಆಮೇಲೆ ನಿಮ್ಮ ಕಾಗದ ಬಂತು, ಅದು ಲೆಕ್ಕಕ್ಕಿಲ್ಲ ಎಂದು.

ನನಗೆ ಹೆತ್ತ ತಾಯಿ ನೆನಪಿಲ್ಲ. ನಿಮ್ಮ ಮಗ ಹೋಗಿ ಮೂರು ವರ್ಷವಾದರೂ ನೀವು ನನಗೆ ಅತ್ತೆಯಾಗಿಯೇ ಇದ್ದೀರಿ. ಇನ್ನೊಬ್ಬರ ಕೈ ಹಿಡಿದ ಮರುದಿನ ನಿಮ್ಮನ್ನು ಏನೆಂದು ಕರೆಯಲಿ? ಕಾಗದದ ಕೊನೆಗೆ ಏನೆಂದು ಸಹಿ ಹಾಕಲಿ? ಅವರೂ ಎತ್ತರದ ಆಳು, ಅತ್ತೆ. ಬಾಗಿಲಲ್ಲಿ ಅವರ ನೆರಳು ಬಿದ್ದಾಗಲೆಲ್ಲ ಒಂದು ಕ್ಷಣ ನನಗೆ ನಿಮ್ಮ ಮಗನೇ ಅನ್ನಿಸುತ್ತದೆ. ಅದನ್ನು ಅವರಿಗೂ ಹೇಳಿಲ್ಲ, ನಿಮಗೂ ಹೇಳಲಾರೆ.


೫ ಮಾರ್ಚ್

ಸೊಸೆಗೆ,

ನನ್ನ ಕೈಯನ್ನು ಪೇಪರಿನಲ್ಲಿ ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ನೋಡಿದರೆ ಮಗುವಿನ ಕೈ ಇದ್ದ ಹಾಗಿದೆ. ಈ ಗೇಣುದ್ದದ ಕೈಯಲ್ಲಿ ಅಷ್ಟು ದೊಡ್ಡ ಗಂಡನ್ನು ಹೇಗೆ ಎತ್ತಿ ಆಡಿಸಿದೆನೋ.

ನನ್ನ ಬೆನ್ನು ನೆಟ್ಟಗಿದೆ, ನಿನ್ನ ಎಣ್ಣೆ ನೀನೇ ಹಚ್ಚಿಕೋ. ಬಾಗಿಲು ನನಗಲ್ಲ. ಆರಡಿಗೂ ಮೇಲಿರಲಿ, ಇನ್ನೂ ನಾಲ್ಕು ಬೆರಳು ಸೇರಿಸು. ಯಾಕೆ ಏನು ಎಂದು ತಲೆ ತಿನ್ನಬೇಡ.

ಬಡಗಿಯನ್ನು ಗೊತ್ತು ಮಾಡಿದ್ದೇನೆ. ಅದೇ ಆಸಾಮಿ, ಬೀದಿಯವರೆಲ್ಲ "ನಾಳೆ" ಅಂತ ಕರೆಯುತ್ತಾರಲ್ಲ, ಅವನು. "ನಾಳೆ ಬಂದು ಜಾಗ ನೋಡ್ತೀನಮ್ಮ" ಅಂತ ಕಿವಿಗೆ ಬಾಯಿಟ್ಟು ಕೂಗಿದ. "ಯಾವ ನಾಳೆ ಅಂತ ಒಂದು ಕಾಗದದಲ್ಲಿ ಬರೆದುಕೊಡಪ್ಪ" ಅಂದೆ. ಮುಖ ಊದಿಸಿಕೊಂಡು ಹೋದ. ಬರುತ್ತಾನೆ ಬಿಡು.

ಈ ಗಾಜಿನವರು ಯಾರು? ಗಾಜು ಕತ್ತರಿಸುವವರಿಗೆ ಕೋಳಿಯ ಕಾಲ್ಬೆರಳ ಚಿಂತೆ ಯಾಕೆ? ಒಂದು ಕಾಗದದಲ್ಲಿ ಮೂರು ಸಲ ಬಂದುಹೋದರು. ಸುಮ್ಮನೆ ಕೇಳಿದೆ.

ನಿನ್ನ ಅತ್ತೆ


೧೬ ಮಾರ್ಚ್

ಅತ್ತೆಗೆ ನಮಸ್ಕಾರ.

ನಿಮ್ಮ ಪೇಪರ್ ಕೈಯನ್ನು ಮೇಜಿನ ಮೇಲೆ ಇಟ್ಟು ಅಳೆದೆ. ಸರಿಯಾಗಿ ಹದಿನಾರು ಇಂಚು. ಇಪ್ಪತ್ತು ಮೊಳಕ್ಕೆ ಗೋಡೆ ಇಪ್ಪತ್ತಾರು ಅಡಿ ಎಂಟು ಇಂಚು ಆಯಿತು. ಆ ಕೈಯನ್ನು ಮಡಿಸದೆ ನನ್ನ ನಕ್ಷೆಯ ಹಲಗೆಯ ಮೇಲೆ ಅಂಟಿಸಿಕೊಂಡಿದ್ದೇನೆ.

ಗಾಜಿನವರ ತಾಯಿ ಕೋಳಿ ಸಾಕಿದ್ದರಂತೆ, ಅದಕ್ಕೆ ಗೊತ್ತು. ಅಷ್ಟೆ.

ಬಾಗಿಲಿನ ಬಗ್ಗೆ ನೀವು ಬೈದರೂ ಸರಿ, ಕೇಳಲೇಬೇಕು. ಆರೂಕಾಲು ಅಡಿಯ ಬಾಗಿಲಿಗೆ ಇಡೀ ಮಾಡನ್ನೇ ಎತ್ತಬೇಕಾಗುತ್ತದೆ. ಮಾಡು ಎತ್ತರವಾದರೆ ಗಾಳಿಗೆ ಸಿಗುತ್ತದೆ, ಚಳಿಗೆ ಕೋಳಿಗಳು ನಡುಗುತ್ತವೆ. ನೀವು ಐದಡಿಗೂ ಕಡಿಮೆ. ಮೊಟ್ಟೆ ತೆಗೆಯಲು ಹೊರಗಿನಿಂದಲೇ ಮುಚ್ಚಳ ಇಟ್ಟಿದ್ದೇನೆ, ಒಳಗೆ ಹೋಗುವ ಕೆಲಸವೇ ಕಡಿಮೆ. ಆ ಬಾಗಿಲಲ್ಲಿ ಬರುವವರು ಯಾರು, ಅತ್ತೆ?

ನಿಮ್ಮ ಸೊಸೆ


೨೮ ಮಾರ್ಚ್

ಸೊಸೆಗೆ,

ಕೇಳಿದ್ದೀಯ, ಹೇಳುತ್ತೇನೆ. ಬೇರೆ ಯಾರಿಗೂ ಹೇಳಿಲ್ಲ. ಪಕ್ಕದ ಮನೆಯವಳ ಬಾಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ, ಬಡಗಿಗೆ ಹೇಳಿದರೆ ನಾಳೆ ಎಂದವನು ಬರುವುದೇ ಇಲ್ಲ.

ಹಳೆಯ ಗೂಡಿನ ಬಾಗಿಲಿಗೆ ಚಿಲಕವಿಲ್ಲ ಎನ್ನುವುದು ನಿನಗೆ ಗೊತ್ತು. ನನ್ನ ಮಗ ಕರೆಂಟಿನ ಕೆಲಸದಲ್ಲಿ ಮಿಕ್ಕಿದ ಒಂದು ತುಂಡು ವೈರು ಸುತ್ತಿ ಹೋಗುತ್ತಿದ್ದ. ಎಡಗೈ ಅವನದು, ಎಲ್ಲರೂ ಬಲಕ್ಕೆ ತಿರುಚಿದರೆ ಅವನು ಎಡಕ್ಕೆ. ಅವನು ಹೋದ ಮೇಲೆ ಆ ವೈರು ಬಿಚ್ಚುವಾಗೆಲ್ಲ ನಾನು ಮೊದಲು ತಪ್ಪು ದಿಕ್ಕಿಗೆ ತಿರುಗಿಸಿ, ಇನ್ನೂ ಬಿಗಿ ಮಾಡಿ, ಅವನನ್ನು ಬೈದು, ಆಮೇಲೆ ಬಿಚ್ಚುತ್ತಿದ್ದೆ. ಕ್ರಮೇಣ ವೈರು ನನ್ನದಾಯಿತು, ಬಲಕ್ಕೆ ತಿರುಗಿತು.

ಈ ಚಳಿಗಾಲದಿಂದ ಹಾಗಿಲ್ಲ. ಸಂಜೆ ಬೆಳಕು ಕಂದುವ ಹೊತ್ತಿಗೆ ನಾನು ಒಲೆ ಆರಿಸಿ ಹಿತ್ತಲಿಗೆ ಹೋದರೆ ಕೋಳಿಗಳೆಲ್ಲ ಒಳಗಿರುತ್ತವೆ. ಬಾಗಿಲು ಹಾಕಿರುತ್ತದೆ. ವೈರು ಎಡಕ್ಕೆ ತಿರುಚಿರುತ್ತದೆ. ದಿನವೂ ಅಲ್ಲ. ಆದರೆ ಮರೆಯುವಷ್ಟು ಅಪರೂಪವೂ ಅಲ್ಲ.

ಇನ್ನೂ ಒಂದಿದೆ. ಅಡುಗೆಮನೆಯಲ್ಲಿದ್ದಾಗ ಢಬ್ ಎಂದು ಸದ್ದು ಕೇಳುತ್ತದೆ. ಆ ಸದ್ದು ನನಗೆ ಗೊತ್ತಿಲ್ಲವಾ? ಅವನು ಗೂಡಿಗೆ ಬಗ್ಗಿ ನುಗ್ಗಿ, ಹೊರಗೆ ಬರುವಾಗ ಅರ್ಧಕ್ಕೇ ಎದ್ದು, ಅಡ್ಡಪಟ್ಟಿಗೆ ತಲೆ ಹೊಡೆಸಿಕೊಳ್ಳುವ ಸದ್ದು. "ಅಮ್ಮಾ, ಈ ಬಾಗಿಲು ಕಟ್ಟಿದ ಪೆದ್ದ ಯಾರು?" ಅಂತ ಕೂಗುತ್ತಿದ್ದ. ಕಟ್ಟಿದವನೂ ಅವನೇ, ಬೈಯುವವನೂ ಅವನೇ.

ಎಷ್ಟು ಸಲ ಅಂತ ಹೊಡೆಸಿಕೊಳ್ಳಬೇಕು ಆ ಮಗು? ಬದುಕಿದ್ದಾಗ ನಕ್ಕುಬಿಟ್ಟೆ. ಈಗ ನಗು ಬರುವುದಿಲ್ಲ. ಬಾಗಿಲು ಎತ್ತರ ಮಾಡು.

ನಿನ್ನ ಅತ್ತೆ


೬ ಏಪ್ರಿಲ್

ಅತ್ತೆಗೆ ನಮಸ್ಕಾರ.

ನಿಮ್ಮ ಕಾಗದವನ್ನು ಎರಡು ಮೂರು ಸಲ ಓದಿದೆ. ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಕೋಪ ಮಾಡಿಕೊಳ್ಳಬೇಡಿ.

ಅತ್ತೆ, ನಿಮಗೆ ಕಿವಿ ಕೇಳುವುದಿಲ್ಲ. ಮುಂಬಾಗಿಲು ಬಡಿದರೆ ತಿಳಿಯುವುದಿಲ್ಲವೆಂದು ಪಕ್ಕದ ಮನೆಯವರು ಕಿಟಕಿಯಲ್ಲಿ ಬಟ್ಟೆ ಬೀಸಿ ಕರೆಯುತ್ತಾರೆ. ಹಿತ್ತಲ ಮೂಲೆಯ ಸದ್ದು ಅಡುಗೆಮನೆಯಲ್ಲಿ ಹೇಗೆ ಕೇಳಿತು? ಇನ್ನು ವೈರು. ಬೇಗ ಹೋಗಿ ನೀವೇ ಹಾಕಿ ಬಂದು ಮರೆತಿರಬಹುದಲ್ಲವೇ? ಅಷ್ಟು ವರ್ಷ ಅವರು ಎಡಕ್ಕೆ ತಿರುಚಿದ್ದನ್ನು ಬಿಚ್ಚಿದ ಕೈ ನಿಮ್ಮದು, ಅದಕ್ಕೂ ಅಭ್ಯಾಸವಾಗಿರುತ್ತದೆ. ಈ ವಯಸ್ಸಿನಲ್ಲಿ ಮರೆವು ಬರುವುದು ಸಹಜ. ಒಮ್ಮೆ ಡಾಕ್ಟರಿಗೆ ತೋರಿಸಿ. ನಾನೇ ಬಂದು ಕರೆದುಕೊಂಡು ಹೋಗಬೇಕಿತ್ತು, ಈಗ ಇಲ್ಲಿಂದ ಹೊರಡಲು ಸ್ವಲ್ಪ ತೊಡಕಿದೆ.

ಕೆಲಸ ನಿಲ್ಲಿಸುವುದು ಬೇಡ. ಮರ ಕೊಯ್ಯಿಸುವ ಮೊದಲು ಗೋಡೆಯನ್ನು ಇನ್ನೊಮ್ಮೆ ಅಳೆದು ಬರೆಯಿರಿ. ಅಳತೆ ಎರಡು ಸಲ ನೋಡದೆ ಮರಕ್ಕೆ ಗರಗಸ ಹಾಕಬಾರದು.

ನಿಮ್ಮ ಸೊಸೆ


೩೦ ಏಪ್ರಿಲ್

ಗೋಡೆ ಹದಿನಾರು ಮೊಳ.

ಬಡಗಿ ಬಂದಿದ್ದ. ಗೋಡೆಗೆ ಹಬ್ಬಿದ್ದ ಬಳ್ಳಿಯನ್ನೆಲ್ಲ ಕಿತ್ತು ಜಾಗ ಮಾಡಿದ. ಬಾಯಿಬಡಕಿ ಎಂದು ನೀನು ಹೆಸರಿಟ್ಟಿದ್ದ ಕೆಂಪು ಕೋಳಿ ಸತ್ತಿತು. ಉಳಿದಂತೆ ಎಲ್ಲ ಚೆನ್ನಾಗಿದೆ. ನನಗೆ ಯಾವ ಮರೆವೂ ಇಲ್ಲ.


೮ ಮೇ

ಅತ್ತೆ,

ಸಹಿ ಇಲ್ಲದ ಕಾಗದ ನೀವು ಬರೆದವರೇ ಅಲ್ಲ. ನನ್ನ ಮಾತು ನಿಮ್ಮನ್ನು ನೋಯಿಸಿತು. ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಿ. ಆದರೆ ಅದಕ್ಕಿಂತ ಮೊದಲು ಒಂದು ಕೇಳಬೇಕು.

ಫೆಬ್ರವರಿಯಲ್ಲಿ ಅದೇ ಗೋಡೆ ಇಪ್ಪತ್ತು ಮೊಳ ಇತ್ತು. ಈಗ ಹದಿನಾರು. ಗೋಡೆ ಕುಗ್ಗುವುದಿಲ್ಲ. ಮೊದಲು ನೀವು ತಪ್ಪಾಗಿ ಎಣಿಸಿದಿರೇನೋ ಎಂದುಕೊಂಡೆ. ಆಮೇಲೆ ಅಭ್ಯಾಸಬಲದಿಂದ ಭಾಗಿಸಿ ನೋಡಿದೆ. ಇಪ್ಪತ್ತಾರು ಅಡಿ ಎಂಟು ಇಂಚನ್ನು ಹದಿನಾರರಿಂದ ಭಾಗಿಸಿದರೆ ಒಂದು ಮೊಳಕ್ಕೆ ಇಪ್ಪತ್ತು ಇಂಚು ಬರುತ್ತದೆ. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಇಪ್ಪತ್ತು ಇಂಚಿನ ಮೊಳ ಯಾರದು ಎಂದು ನನಗೆ ಗೊತ್ತು. ಟೇಪು ಜೇಬಿನಲ್ಲಿದ್ದರೂ ವೈರನ್ನು ಕೈಯಲ್ಲೇ ಅಳೆದು ಕತ್ತರಿಸುತ್ತಿದ್ದರಲ್ಲ. "ನನ್ನ ಮೊಳಕ್ಕೆ ಇಪ್ಪತ್ತಿಂಚು, ಕೋಳಿ ಕೇಳಿದರೂ ಹೇಳುತ್ತೆ" ಎಂದು ಜಂಬ ಕೊಚ್ಚುತ್ತಿದ್ದರು. ನಾನು ಟ್ರಂಕಿನ ತಳದಿಂದ ಅವರ ಸ್ವೆಟರ್ ತೆಗೆದು ತೋಳು ಅಳೆದೆ. ಮೊಣಕೈಯಿಂದ ತೋಳಿನ ಅಂಚಿನವರೆಗಿನ ಅಳತೆಗೆ ಅವರ ಹಸ್ತ ಸೇರಿಸಿದರೆ ಇಪ್ಪತ್ತೇ. ಕಾರ್ಖಾನೆಯಲ್ಲಿ ಹಗಲಲ್ಲೇ, ಬೆನ್ನ ಹಿಂದೆ ಯಾರೋ ನಿಂತು ನನ್ನ ನಕ್ಷೆ ನೋಡುತ್ತಿರುವ ಹಾಗೆ ಅನ್ನಿಸುತ್ತಿದೆ.

ಗೋಡೆ ಅಳೆದವರು ಯಾರು, ಅತ್ತೆ?

ಅವರಿಗೆ ನನ್ನ ಮೇಲೆ ಸಿಟ್ಟು ಬಂದಿದೆಯಾ? ಬಂದಿದ್ದರೆ ಅದಕ್ಕೆ ಕಾರಣವಿದೆ. ಈ ಚಳಿಗಾಲದಲ್ಲೇ ಗಾಜಿನವರು ನನ್ನನ್ನು ಕೇಳಿದ್ದು. ನಾನು ಒಪ್ಪಿದೆ. ಜುಲೈನಲ್ಲಿ ನೋಂದಣಿ ಕಚೇರಿಯಲ್ಲಿ ಮದುವೆ ಎಂದು ಗೊತ್ತಾಗಿದೆ. ಅಂದು ಫೋನಿನಲ್ಲಿ ಹೇಳಿದ್ದು ಇದನ್ನೇ. ನೀವು ಹೂಂ ಅಂದಿರಿ. ಮತ್ತೆ ಕಾಗದದಲ್ಲಿ ಬರೆಯಲು ಕೈ ಬರಲಿಲ್ಲ, ಕೋಲು, ಜಾಲರಿ ಎಂದು ಏನೇನೋ ಬರೆದೆ. ನಿಮ್ಮನ್ನು ಕಳೆದುಕೊಳ್ಳುವ ಭಯ ನನಗೆ. ಬೇರೆ ಯಾವ ಭಯವೂ ಅಲ್ಲ.

ಸಹಿ ಏನು ಹಾಕಲಿ ಎಂದು ತಿಳಿಯುತ್ತಿಲ್ಲ.


೨೦ ಜೂನ್

ಅತ್ತೆ,

ನಿಮ್ಮಿಂದ ಕಾಗದವಿಲ್ಲ. ಅಂಚೆಯವನು ನನ್ನನ್ನು ದೂರದಿಂದ ಕಂಡರೇ ತಲೆ ಅಲ್ಲಾಡಿಸಿ ಹೋಗುತ್ತಾನೆ. ಪಕ್ಕದ ಮನೆಗೆ ಫೋನ್ ಮಾಡಿದೆ. "ಚೆನ್ನಾಗೇ ಇದ್ದಾರೆ ಕಣಮ್ಮ, ಸಂಜೆಯಾದ್ರೆ ಗೋಡೆ ಮುಂದೆ ಸ್ಟೂಲ್ ಹಾಕ್ಕೊಂಡು ಕೂತಿರ್ತಾರೆ, ಕರೆದ್ರೂ ತಿರುಗಲ್ಲ" ಅಂದರು.

ಜುಲೈನ ತಾರೀಖನ್ನು ಮುಂದೆ ಹಾಕಿದ್ದೇನೆ. ಗಾಜಿನವರು ಯಾಕೆಂದು ಕೇಳಲಿಲ್ಲ. "ನಿಮ್ಮತ್ತೆ ಕಾಗದ ಬರಲಿ" ಎಂದರು, ಅಷ್ಟೆ.

ಎರಡು ಸಾಲು ಬರೆಯಿರಿ. ಬೈದಾದರೂ ಬರೆಯಿರಿ.


೨ ಜುಲೈ

ಸೊಸೆಗೆ,

ಕೂತು ನಿಧಾನವಾಗಿ ಬರೆಯುತ್ತಿದ್ದೇನೆ. ನೀನೂ ಹಾಗೇ ಓದು.

ಗೋಡೆ ಅಳೆದದ್ದು ನಾನಲ್ಲ. ನಿನ್ನ ಮೇಲೆ ಸಿಟ್ಟಿತ್ತು, ಮರೆವು ಅಂದೆಯಲ್ಲ, ಬಗ್ಗಿ ಬಗ್ಗಿ ಅಳೆಯಲು ಮನಸ್ಸೇ ಇರಲಿಲ್ಲ. ಬಳ್ಳಿ ಕಿತ್ತ ಗೋಡೆಯ ಮೇಲೆ ಸಾಲಾಗಿ ಗೀರುಗಳಿದ್ದವು. ಬಡಗಿಯೇ ಮೊಳಕ್ಕೊಂದು ಗುರುತು ಹಾಕಿದ್ದಾನೆ ಎಂದುಕೊಂಡು ಎಣಿಸಿ ಬರೆದು ಕೈ ತೊಳೆದುಕೊಂಡೆ.

ನಿನ್ನ ಕಾಗದ ಓದಿದವಳೇ ಎದ್ದು ಗೋಡೆಯ ಹತ್ತಿರ ಹೋದೆ. ಬಡಗಿಯನ್ನು ಕರೆಸಿ ಕೇಳಿದೆ. "ನಾನ್ಯಾಕಮ್ಮ ಗೋಡೆ ಗೀರಲಿ? ಇದು ಹಳೇದು, ಒಳಗೆ ಪಾಚಿ ಕಟ್ಟಿದೆ ನೋಡಿ" ಅಂದ. ಹೊಸ ಪೇಪರಿನಲ್ಲಿ ನನ್ನ ಕೈ ಕತ್ತರಿಸಿ ಹಿಡಿದೆ. ಪ್ರತಿ ಗೀರಿಗೂ ನಾಲ್ಕು ಬೆರಳು ಸಾಲದೆ ಬಂತು. ಆಮೇಲೆ ನಾನು ತೆಗೆಯುವುದಿಲ್ಲ ಅಂದಿದ್ದನ್ನು ತೆಗೆದೆ.

ಪೆಟ್ಟಿಗೆಯಲ್ಲಿ ಎಲ್ಲ ಅವನು ಇಟ್ಟ ಹಾಗೇ ಇದೆ. ಟೇಪು ಮೇಲೇ ಇತ್ತು. ಅದರ ಕೆಳಗೆ ಉದ್ದದ ಸ್ಕ್ರೂಡ್ರೈವರ್, ತುದಿಗೆ ನಮ್ಮ ಗೋಡೆಯ ಸುಣ್ಣ ಮೆತ್ತಿಕೊಂಡಿತ್ತು. ಕೆಲಸದ ಏಣಿಯಿಂದ ಬಿದ್ದು ಪ್ರಾಣ ಬಿಡುವುದಕ್ಕೆ ಮುಂಚಿನ ಯಾವುದೋ ಮಧ್ಯಾಹ್ನ ಗೋಡೆಗೆ ಕೈ ಇಟ್ಟು, ಒಂದೊಂದು ಮೊಳಕ್ಕೆ ಒಂದೊಂದು ಗೀರು ಹಾಕಿ, ದೊಡ್ಡ ಕೋಳಿಮನೆಗೆ ಅಳತೆ ಮಾಡಿದ್ದಾನೆ ನನ್ನ ಮಗ. "ಕಟ್ಟಿಕೊಡ್ತೀನಮ್ಮ" ಅಂತ ಹೇಳುತ್ತಲೇ ಇದ್ದ. ಬಾಯಿ ಮಾತು ಎಂದು ನಾನು ಕಿವಿ ಮೇಲೆ ಹಾಕಿಕೊಂಡಿರಲಿಲ್ಲ. ಅಂದು ಕಿವಿ ಚೆನ್ನಾಗಿತ್ತು.

ಇನ್ನೂ ಇದೆ. ಗೀರುಗಳ ಕೊನೆಯಲ್ಲಿ ಬಾಗಿಲು ಬರೆದಿದ್ದಾನೆ. ಎರಡು ನಿಂತ ಗೆರೆ, ಮೇಲೊಂದು ಅಡ್ಡ ಗೆರೆ. ಅಡ್ಡ ಗೆರೆ ಅವನ ತಲೆಗಿಂತ ಎತ್ತರದಲ್ಲಿರುತ್ತದೆ ಎಂದುಕೊಂಡು ಟೇಪು ಹಿಡಿದೆ. ಐದೂವರೆ ಅಡಿ. ಅವನ ಮೂಗಿಗೆ ಬರುತ್ತದೆ. ಇದೇನಪ್ಪ, ಮತ್ತೆ ಅದೇ ತಪ್ಪು ಮಾಡಿದನಲ್ಲ ಎಂದು ಬೈಯಲು ಹೋದೆ. ಆಗ ಕಾಣಿಸಿತು. ಅಡ್ಡ ಗೆರೆಯ ಕೆಳಗೆ, ಒಂದು ಅಂಗೈ ಜಾಗ ಬಿಟ್ಟು, ದುಂಡಗೆ ಒಂದು ತಲೆ ಗೀರಿದ್ದಾನೆ. ಪಕ್ಕಕ್ಕೆ ಒಂದು ಜಡೆ.

ನೆನಪಿದೆಯಾ? ನಿನ್ನನ್ನು ಗೋಡೆಗೆ ಒರಗಿಸಿ, ತಲೆ ಮೇಲೆ ಮೊಟ್ಟೆ ಬುಟ್ಟಿ ಇಟ್ಟು, ಅಲ್ಲಾಡಬೇಡ ಅಂದಿದ್ದ. ಜಡೆಯೆಲ್ಲ ಸುಣ್ಣವಾಯಿತು ಎಂದು ನೀನು ರೇಗಿ ಒಳಗೆ ಬಂದೆ. ತಮಾಷೆ ಎಂದುಕೊಂಡೆವು. ಬುಟ್ಟಿ ಹೊತ್ತುಕೊಂಡು ನೀನು ಬಗ್ಗದೆ ಒಳಗೆ ಹೋಗಲಿ ಎಂದು ಅಳೆದಿದ್ದಾನೆ. ತನ್ನ ತಲೆ ತಗುಲುತ್ತದೆ ಎನ್ನುವುದು ಅವನಿಗೆ ಲೆಕ್ಕಕ್ಕೇ ಇರಲಿಲ್ಲ.

ಅದನ್ನು ನೋಡುತ್ತ ದಿನಾ ಸಂಜೆ ಕೂತೆ. ನಿನಗೆ ಬರೆಯಲಿಲ್ಲ. ಸುಳ್ಳು ಹೇಳಲಾರೆ, ನನಗೆ ಸಿಟ್ಟು ಬಂದಿತ್ತು. ಗಾಜಿನವರ ವಿಷಯ ಅವರು ಮೂರು ಸಲ ಬಂದುಹೋದ ಆ ಕಾಗದದಲ್ಲೇ ತಿಳಿದಿತ್ತು. ತಿಳಿದದ್ದು ಬೇರೆ, ನೀನು ಬರೆದು ನಾನು ಓದಿದ್ದು ಬೇರೆ. ಓದಿದಾಗ ನನ್ನ ಮಗ ಇನ್ನೊಮ್ಮೆ ಸತ್ತ ಅನ್ನಿಸಿತು. ಇವಳೂ ಹೋದರೆ ಅವನ ಮಾತನ್ನು ಯಾರ ಹತ್ತಿರ ಆಡಲಿ ಅನ್ನಿಸಿತು.

ಅವನಿಗೆ ಸಿಟ್ಟಾ ಎಂದು ಕೇಳಿದ್ದೀಯ. ಹುಚ್ಚಿ, ಸಿಟ್ಟು ಬಂದವನು ಯಾರಾದರೂ ಕೋಳಿ ಬಾಗಿಲು ಹಾಕಿ ಹೋಗುತ್ತಾನಾ?

ಬಡಗಿ ಮರ ತಂದಿಟ್ಟು ಕೂತಿದ್ದಾನೆ. "ಬಾಗಿಲು ಯಾರ ಎತ್ತರಕ್ಕಮ್ಮ?" ಅಂತ ಕೇಳುತ್ತಾನೆ. ಜೀವನದಲ್ಲಿ ಮೊದಲ ಸಲ ನಾನು ಅವನಿಗೆ "ನಾಳೆ" ಅಂದಿದ್ದೇನೆ. ನೀನು ಹೇಳು.


೧೧ ಜುಲೈ

ಅತ್ತೆ,

ನಿಮ್ಮ ಕಾಗದವನ್ನು ಕಾರ್ಖಾನೆಯ ಹಿಂದಿನ ಮರದ ರಾಶಿಯ ಮೇಲೆ ಕೂತು ಓದಿದೆ. ಯಾರು ನೋಡಿದರೂ ನೋಡಲಿ ಎಂದು ಜೋರಾಗಿ ಅತ್ತುಬಿಟ್ಟೆ. ಬುಟ್ಟಿ ನೆನಪಿದೆ. ಅಂದು ಅವರ ಮೇಲೆ ರೇಗಬಾರದಿತ್ತು. ಇನ್ನೂ ಸ್ವಲ್ಪ ಹೊತ್ತು ನಿಲ್ಲಬಹುದಿತ್ತು.

ಬಾಗಿಲು ಅವರ ಎತ್ತರಕ್ಕೇ ಇರಲಿ. ಹೊಸ ನಕ್ಷೆ ಇದರ ಜೊತೆಗಿದೆ. ಆರೂಕಾಲು ಅಡಿ. ಮಾಡನ್ನು ಎತ್ತಿ, ಚಳಿ ಹೊಡೆಯದಂತೆ ಕೋಲುಗಳ ಮೇಲೆ ಒಳಚಾವಣಿ ಹಾಕಿದ್ದೇನೆ. ಗಾಳಿ ತಡೆಯಲು ನಾಲ್ಕು ಮೂಲೆಗೂ ಆಸರೆಗೆ ಊರುಗಂಬ ಕೊಟ್ಟಿದ್ದೇನೆ. ಈ ಕೆಲಸದಲ್ಲಿ ನಾನು ನೂರಾರು ಬಾಗಿಲು ಬರೆದಿದ್ದೇನೆ, ಇಷ್ಟು ಜೋಪಾನವಾಗಿ ಒಂದನ್ನೂ ಬರೆದಿಲ್ಲ. ಅವರು ತಲೆ ಹೊಡೆಸಿಕೊಳ್ಳುವುದು ನನಗೂ ಬೇಡ. ಅವರಿಗೆ ನಾನು ಕೊಡಬಹುದಾದದ್ದು ಇದೊಂದೇ ಉಳಿದಿದೆ.

ಸೆಪ್ಟೆಂಬರಿನಲ್ಲಿ ಕಚೇರಿಗೆ ಹೋಗುತ್ತೇವೆ. ಬನ್ನಿ ಎಂದು ಕರೆಯುವ ಧೈರ್ಯ ನನಗಿಲ್ಲ. ಗಾಜಿನವರು ಒಮ್ಮೆ ನಿಮ್ಮನ್ನು ನೋಡಬೇಕು ಅನ್ನುತ್ತಿದ್ದಾರೆ. ಅವರೂ ಎತ್ತರದವರೇ, ಅತ್ತೆ. ಅದನ್ನು ಮುಚ್ಚಿಡುವುದು ಬೇಡವೆಂದು ಹೇಳಿದೆ.

ಬರಬಹುದೋ ಬೇಡವೋ, ನೀವೇ ಹೇಳಿ.


೧೯ ಆಗಸ್ಟ್

ಸೊಸೆಗೆ ಆಶೀರ್ವಾದ.

ಕೋಳಿಮನೆ ಎದ್ದು ನಿಂತಿತು. ಕೋಲು ಚಪ್ಪಟೆ, ಮೊಟ್ಟೆಗೂಡಿಗೆ ಹೊರಗಿನಿಂದ ಮುಚ್ಚಳ, ಜಾಲರಿ ಒಂದಡಿ ಮಣ್ಣಿನೊಳಗೆ. ಬಡಗಿ ನಿನ್ನ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಈ ಹುಡುಗಿ ಕೋಳಿಗೆ ಬಂಗಲೆ ಬರೆದಿದೆಯಲ್ಲಮ್ಮ" ಅಂದ. ಮುಂಗುಸಿ ಬಂದು ಸುತ್ತ ಕೆರೆದು, ಬೈದುಕೊಂಡು ಹೋಯಿತು. ಮೇಷ್ಟ್ರು ಈಗ ಒಳಗಿನ ಅತಿ ಮೇಲಿನ ಕೋಲಿನಿಂದ ಪಾಠ ಹೇಳುತ್ತಾರೆ.

ನಿನ್ನ ಹೊಸ ನಕ್ಷೆಯನ್ನು ಮಡಿಸಿ ಅವನ ಪೆಟ್ಟಿಗೆಯಲ್ಲಿಟ್ಟಿದ್ದೇನೆ, ಟೇಪಿನ ಪಕ್ಕ. ಬಾಗಿಲನ್ನು ಗೋಡೆಯ ಗೀರಿನ ಎತ್ತರಕ್ಕೇ ಕೂರಿಸಿದೆ. ಐದೂವರೆ ಅಡಿ. ನೀನು ಅವನಿಗೆ ಕೊಟ್ಟೆ, ಅವನು ನಿನಗೆ ಕೊಟ್ಟಿದ್ದ. ಇಬ್ಬರಲ್ಲಿ ಮೊದಲು ಅಳೆದವನು ಅವನು. ನಾನು ಅವನ ತಾಯಿ, ಅವನ ಅಳತೆ ತಪ್ಪಿಸಲಾರೆ. ಆ ಗೀರುಗಳ ಮೇಲೆ ಸುಣ್ಣ ಬಳಿಯಬೇಡ ಎಂದು ಬಡಗಿಗೆ ಹೇಳಿದ್ದೇನೆ.

ಹಳೆಯ ಗೂಡು ಕೀಳುವ ಮೊದಲು ಅದರ ವೈರು ಬಿಚ್ಚಿ ತಂದು ಹೊಸ ಬಾಗಿಲಿಗೆ ಹಾಕಿದೆ. ಬಡಗಿ ಹಿತ್ತಾಳೆ ಚಿಲಕ ತಂದಿದ್ದ, ಬೇಡ ಅಂದೆ. ಮೊದಲ ಸಂಜೆ ಒಲೆ ಆರಿಸಿ ಹೋದೆ. ಕೋಳಿಗಳೆಲ್ಲ ಕೋಲು ಹತ್ತಿ ಕೂತಿದ್ದವು. ಬಾಗಿಲು ತೆರೆದೇ ಇತ್ತು. ಸ್ಟೂಲ್ ಹಾಕಿಕೊಂಡು ಪೂರ್ತಿ ಕತ್ತಲಾಗುವವರೆಗೆ ಕಾದೆ. ಯಾವ ಸದ್ದೂ ಬರಲಿಲ್ಲ. ಮರುದಿನವೂ ಇಲ್ಲ. ಈಗ ನನ್ನ ಕಿವಿ ನಿಜವಾಗಿ ಕಿವುಡಾಯಿತು ಅನ್ನಿಸುತ್ತದೆ. ಬಹಳ ಅತ್ತುಬಿಟ್ಟೆ, ನಿನಗೆ ಹೇಳದೆ ಯಾರಿಗೆ ಹೇಳಲಿ.

ಆಮೇಲೆ ಎದ್ದು ನಾನೇ ಬಾಗಿಲು ಹಾಕಿದೆ. ವೈರು ಸುತ್ತಿ ತಿರುಚಿದೆ. ಮುಗಿಸಿ ನೋಡುತ್ತೇನೆ, ನನ್ನ ಕೈ ಎಡಕ್ಕೆ ತಿರುಗಿಸಿತ್ತು. ನೀನು ಅಂದದ್ದೇ ಸರಿಯಿರಬಹುದು. ಇಲ್ಲದೆಯೂ ಇರಬಹುದು. ಇನ್ನು ಅದನ್ನು ಕೆದಕಬೇಡ.

ಸೆಪ್ಟೆಂಬರಿಗೆ ನಾನು ಅಷ್ಟು ದೂರ ಬರಲಾರೆ, ಮೂವತ್ತು ಬಾಯಿಗಳಿವೆ ಇಲ್ಲಿ. ಕಚೇರಿ ಕೆಲಸ ಮುಗಿಸಿ ನೀವಿಬ್ಬರೂ ನೇರ ಇಲ್ಲಿಗೆ ಬನ್ನಿ. ಫೋನಿನಲ್ಲಿ ಅಂದು ಹೂಂ ಅಂದಿದ್ದೆನಲ್ಲ, ಅದು ಲೆಕ್ಕಕ್ಕಿದೆ. ಸಹಿ ಇಲ್ಲದ ಕಾಗದ ಇನ್ನು ಕಳುಹಿಸಬೇಡ, ಹಿಂದೆ ಏನು ಹಾಕುತ್ತಿದ್ದೆಯೋ ಅದನ್ನೇ ಹಾಕು.

ಮೊಟ್ಟೆ ಬುಟ್ಟಿ ಒರೆಸಿಟ್ಟಿದ್ದೇನೆ. ನೀನು ಅದನ್ನು ತಲೆ ಮೇಲಿಟ್ಟುಕೊಂಡು ನೆಟ್ಟಗೆ ಒಳಗೆ ಹೋಗಬಹುದು. ಗಾಜಿನವರಿಗೆ ಮಾತ್ರ ಈಗಲೇ ಹೇಳಿಡು. ಆ ಬಾಗಿಲಲ್ಲಿ ನಮ್ಮ ಮನೆ ಗಂಡಸರು ತಲೆ ಬಗ್ಗಿಸಿಯೇ ಬರಬೇಕು.

ನಿನ್ನ ಅತ್ತೆ